ಚಿನ್ನದ ಮುಚ್ಚಳದ ಡಬ್ಬಿ

ಅವರ ತಲೆಯಲ್ಲಿ ಹುಡುಕಿದರೂ ಒಂದು ಕೂದಲು ಸಿಗುತ್ತಿರಲಿಲ್ಲ. ಸುಲಿದ ಮೊಟ್ಟೆಯಂಥ ನುಣ್ಣನೆಯ ಬೋಳು, ಬಲಗಿವಿಯ ಮೇಲೆ ಹುಣಸೆಬೀಜದಷ್ಟು ಒಂದು ಮಚ್ಚೆ. ಅಂಥ ತಲೆಯ ಮೇಲೆ ದಿನಾ ಬೆಳಿಗ್ಗೆ ಎಂಟಕ್ಕೆ ನೀಲಿ ಜಾಳಿಗೆಯ ಟೋಪಿ ಏರುತ್ತಿತ್ತು. ತಯಾರಾಗುವ ಮಾಲಿನೊಳಗೆ ಕೂದಲು ಬೀಳಬಾರದು ಎಂದು ಕಂಪನಿಯ ನಿಯಮ. ಕೂದಲೇ ಇಲ್ಲದವರಿಗೂ ನಿಯಮ ನಿಯಮವೇ. ಹೊರಗಿನಿಂದ ತಪಾಸಣೆಗೆ ಬಂದವನೊಬ್ಬ ಟೋಪಿ ಕಿವಿ ಮುಚ್ಚುವ ಹಾಗೆ ಎಳೆದುಕೊಳ್ಳಿ ಎಂದು ಗದರಿದಾಗ ಅವರು, "ಎಳ್ಕೋತೀನ್ರಿ ಸಾಹೇಬ್ರ, ಇಲ್ಲಾಂದ್ರ ಎಲ್ಲಿ ಬುದ್ಧಿ ಉದುರಿ ಬೀಳ್ತೈತೋ ಏನೋ" ಎಂದರು. ಅವನಿಗೆ ಕನ್ನಡ ಬರುತ್ತಿರಲಿಲ್ಲ, ಪಾಪ. ಥ್ಯಾಂಕ್ಯೂ ಅಂದು ಹೋದ.

ನವಿ ಮುಂಬಯಿಯ ಒಂದು ಕಾರ್ಖಾನೆಯಲ್ಲಿ ಅವರು ಕೂದಲಿಗೆ ಹಚ್ಚುವ ಕಂಡೀಷನರ್ ಕಲಸುವವರು. ವಿಜಯಪುರದ ಕಡೆಯವರು, ಹರೆಯದಲ್ಲಿ ಕಲ್ಯಾಣ್‌ಗೆ ಬಂದು ಮೊದಲು ಹಮಾಲಿ ಮಾಡಿ ಆಮೇಲೆ ಇಲ್ಲಿ ಸೇರಿದ್ದರು. ಮರಾಠಿಯವರೂ ಉತ್ತರದ ಭಯ್ಯಾಗಳೂ ಕನ್ನಡದ ನಾವೂ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದೆವು. ನಾನು ಡೊಂಬಿವಲಿಯಲ್ಲೇ ಹುಟ್ಟಿದ ಉಡುಪಿಯವಳು. ಕೆಮಿಸ್ಟ್ರಿ ಡಿಗ್ರಿ ಹಿಡಿದುಕೊಂಡು ಅಲ್ಲಿನ ಲ್ಯಾಬಿಗೆ ಹೊಸದಾಗಿ ಸೇರಿದ್ದೆ. ಠಾಣೆಯಲ್ಲಿ ಗಾಡಿ ಬದಲಿಸಿ, ಜನರ ಮೊಣಕೈ ತಿಂದು, ಬೆವರಿ ತಲುಪಿದರೆ ಇವರು ಬಾಗಿಲಲ್ಲೇ ನಿಂತು ನಗುತ್ತಿದ್ದರು. "ಬಂದಳು ನೋಡ್ರಿ, ಕೂದಲ ಡಾಕ್ಟರು."

ಜಗತ್ತಿನಲ್ಲಿ ಅವರು ಬೈಯದ ವಸ್ತು ಇರಲಿಲ್ಲ. ಲೋಕಲ್ ಗಾಡಿ, ಕ್ಯಾಂಟೀನಿನ ದಾಲ್, ಜಾಹೀರಾತಿನಲ್ಲಿ ಜಡೆ ಬೀಸುವ ಹುಡುಗಿಯರು, ಎಲ್ಲರಿಗೂ ಒಂದೊಂದು ಪಾಲು. ಆದರೆ ತಾವು ಕಲಸುವ ಮಾಲಿನ ಮೇಲಿದ್ದ ತಿರಸ್ಕಾರವೇ ಬೇರೆ. "ಕೂದಲಂದ್ರ ಸತ್ತದ್ದು, ತಂಗಿ. ಸತ್ತವರಿಗೆ ಎಡಿ ಇಟ್ಟಂಗ ಇದು. ಎಡಿಗಾದ್ರೂ ಕಾಗಿ ಬರ್ತಾವ, ಇದಕ್ಕ ಕಾಗೀನೂ ಬರೂದಿಲ್ಲ!" ಹಂಡೆಯ ತಳದಲ್ಲಿ ಉಳಿದ ಕ್ರೀಮನ್ನು ಬೆರಳಲ್ಲಿ ಬಾಚಿ ಕಿರ್ರ್ ಎನ್ನುವ ಟ್ರಾಲಿಯ ಚಕ್ರಕ್ಕೆ ಸವರುತ್ತಿದ್ದರು. ಚಕ್ರ ಬಾಯಿ ಮುಚ್ಚುತ್ತಿತ್ತು. ಇದರಿಂದ ಆದ ಒಂದೇ ನಿಜವಾದ ಉಪಕಾರ ಅದು ಎಂಬುದು ಅವರ ಮತ. ಕಲಿತವಳಾಗಿ ಹೇಳುತ್ತೇನೆ, ಅವರು ಹೇಳಿದ್ದು ಹೆಚ್ಚುಕಡಿಮೆ ಸರಿಯೇ. ಹಚ್ಚಿದರೆ ಕೂದಲು ನುಣ್ಣಗಾಗುತ್ತದೆ, ಬಾಚಣಿಗೆ ಸಲೀಸಾಗಿ ಇಳಿಯುತ್ತದೆ, ನಾಲ್ಕು ಸಲ ತೊಳೆದರೆ ಮತ್ತೆ ಮೊದಲಿನ ಹಾಗೆಯೇ. ಆ ಕೆಲಸವನ್ನು ಅಂಗಡಿಯಲ್ಲಿ ತೋರಣದ ಹಾಗೆ ನೇತಾಡುವ ಅಗ್ಗದ ಪ್ಯಾಕೆಟ್ಟೂ ಮಾಡುತ್ತದೆ.

ನಾನು ಸೇರಿ ಮೂರು ತಿಂಗಳು ಆಗಿರಬೇಕು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಠಾಣೆಯ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ ಅಪ್ಪ ಬಿದ್ದು ಸೊಂಟ ಮುರಿದುಕೊಂಡು ಮನೆಯಲ್ಲಿದ್ದರು. ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದಲ್ಲಿ. ಯಾವ ಸಾಮಾನು ಎಷ್ಟು ಹಾಕಬೇಕು ಎಂದು ಚೀಟಿ ಬರೆದುಕೊಡುವುದು ನನ್ನ ಕೆಲಸ. ಅಂದು ಮೇಣದ ಚೀಲ ಒಂದು ಎಂದು ಬರೆಯುವಲ್ಲಿ ಎರಡು ಎಂದು ಬರೆದೆ. ಕಾಕಾ ಚೀಟಿ ಹಿಡಿದು ಲ್ಯಾಬಿನ ತನಕ ನಡೆದು ಬಂದರು. "ತಂಗಿ, ಎರಡ ಏನು? ದಿನಾ ಒಂದ ಅಲ್ಲೇನು?" ನನಗೆ ಡಿಗ್ರಿಯ ಕೊಬ್ಬು. "ಬರೆದ ಹಾಗೆ ಹಾಕಿ ಕಾಕಾ" ಎಂದೆ, ತಲೆ ಎತ್ತದೆ.

ಮಧ್ಯಾಹ್ನದ ಹೊತ್ತಿಗೆ ಹಂಡೆಯಲ್ಲಿ ಕ್ರೀಮು ಗಟ್ಟಿಯಾಗಿ ಕೂತಿತ್ತು. ಪಂಪು ಎಳೆಯುವುದಿಲ್ಲ, ಬಾಟಲಿಯ ಬಾಯಿಗೆ ಇಳಿಯುವುದಿಲ್ಲ. ಮ್ಯಾನೇಜರ್ ಬಂದು ಇದು ಯಾರ ಕೆಲಸ ಎಂದು ಕೂಗಾಡಿದ. ನಾನು ಬಾಗಿಲ ಕಡೆ ಒಂದು ಹೆಜ್ಜೆ ಹಿಂದೆ ಸರಿದೆ. ಕಾಕಾ ಚೀಟಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ಸೌಟಿನಲ್ಲಿ ಒಂದು ಗಡ್ಡೆ ಎತ್ತಿ ಮ್ಯಾನೇಜರನ ಮೂಗಿಗೆ ಹಿಡಿದು ಹಿಂದಿಯಲ್ಲಿ, "ಸಾಹೇಬ್, ನನ್ನ ಕಣ್ಣು ತಪ್ಪಿತು, ಮೇಣ ಹೆಚ್ಚಾಯಿತು. ಅದಕ್ಕೇನು, ಬಾಟಲಿ ಬೇಡ, ಡಬ್ಬಿಗೆ ತುಂಬಿಸಿ. ಇದು ಬಹಳ ಆಳಕ್ಕೆ ಇಳಿಯುತ್ತದೆ ಅಂತ ಬರೆಯಿರಿ. ದುಡ್ಡು ಹೆಚ್ಚಿಟ್ಟರೆ ಇನ್ನೂ ಆಳಕ್ಕೆ ಇಳಿಯುತ್ತದೆ" ಎಂದರು.

ಅಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮ್ಯಾನೇಜರ್ ಮಾತ್ರ ನಗಲಿಲ್ಲ. ಗಡ್ಡೆಯನ್ನು ಬೆರಳಲ್ಲಿ ತಿಕ್ಕಿ ನೋಡಿದ, ಮೂಸಿದ, ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿದ. ಒಂದೆರಡು ತಿಂಗಳಲ್ಲಿ ಚಿನ್ನದ ಬಣ್ಣದ ಮುಚ್ಚಳದ ಡಬ್ಬಿಗಳು ಲಾರಿಯಿಂದ ಇಳಿದವು. ಮೇಲೆ ಡೀಪ್ ಕಂಡೀಷನಿಂಗ್ ಎಂದು ದಪ್ಪಕ್ಷರ, ಬೆಲೆ ಬಾಟಲಿಯ ಆರು ಪಟ್ಟು. ಒಳಗೆ ನನ್ನ ತಪ್ಪು, ಮೇಲಿಂದ ಎರಡು ಹನಿ ಬಾದಾಮಿ ಎಣ್ಣೆ. ಅಯ್ಯೋ ಮಾರಾಯ್ರೆ, ಅದು ಹೋದದ್ದೇ ಹೋದದ್ದು! ಮಾಜಿವಾಡಾದ ಪಾರ್ಲರುಗಳಲ್ಲಿ, ಸಾನಪಾಡಾದ ಮೆಡಿಕಲ್ ಸ್ಟೋರುಗಳಲ್ಲಿ ಸಾಲು ಸಾಲು. ಮದುವೆ ಮನೆಯಲ್ಲಿ ನಮ್ಮ ಊರಿನ ಹೆಂಗಸರೇ ನನ್ನನ್ನು ಮೂಲೆಗೆ ಎಳೆದು, "ಅದು ಆಳಕ್ಕೆ ಇಳಿಯುತ್ತದಂತೆ, ಹೌದಾ?" ಎಂದು ಕೇಳುವವರು. ಎಲ್ಲಿಗೆ ಇಳಿಯುವುದು, ಬಾವಿಗಾ? "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ" ಎಂದು ಕಾಕಾ ಉಗಿಯುತ್ತಿದ್ದರು. "ನಾ ಚಾಷ್ಟಿ ಮಾಡಿದ್ನೆವ್ವಾ, ಈ ಮಂದಿ ತಲೀಗೆ ಹಚ್ಕೊಂಡ್ರು!"

ತಪ್ಪು ಹೊತ್ತದ್ದಕ್ಕೆ ಅವರಿಗೆ ಆ ವರ್ಷ ಬಡ್ತಿ ಸಿಗಲಿಲ್ಲ. ನನ್ನ ಕೆಲಸ ಕಾಯಂ ಆಯಿತು. ಅತ್ತುಕೊಂಡು ಥ್ಯಾಂಕ್ಸ್ ಹೇಳಲು ಹೋದರೆ, "ಹೋಗ ಹೋಗ, ಮುಂದಿನ ಚೀಟಿ ನೆಟ್ಟಗ ಬರಿ" ಎಂದು ಅಟ್ಟಿದರು.

ಕೆಲವು ವರ್ಷಗಳಾದ ಮೇಲೆ ಅವರ ಮಗಳಿಗೆ ಟೈಫಾಯ್ಡ್ ಆಯಿತು. ಜ್ವರ ಬಿಟ್ಟಿತು, ಕೂದಲು ಉದುರತೊಡಗಿತು. ಕಾಲೇಜಿಗೆ ಹೋಗುವ ಹುಡುಗಿ. ಬಾಚಣಿಗೆ ತುಂಬ ಕೂದಲು ನೋಡಿ ಹೊರಗೆ ಕಾಲಿಡುವುದನ್ನೇ ಬಿಟ್ಟಳು. ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳಿ ಗಳಿಸಿದ್ದನ್ನೆಲ್ಲ ಆ ಚಿನ್ನದ ಮುಚ್ಚಳಕ್ಕೆ ಸುರಿಯುತ್ತಿದ್ದಳು. ಇದು ತಾವೇ ತಮಾಷೆಗೆ ಮಾಡಿದ ಚಾಷ್ಟಿ ಎಂದು ಕಾಕಾ ಎಷ್ಟು ಹೇಳಿದರೂ ನಂಬಲಿಲ್ಲ. ಬೋಳು ತಲೆಯವರ ಮಾತನ್ನು ಈ ವಿಷಯದಲ್ಲಿ ಯಾರು ನಂಬುತ್ತಾರೆ?

ಒಂದು ದಿನ ಊಟದ ಬಿಡುವಿನಲ್ಲಿ ಅವಳನ್ನು ಕಲ್ಯಾಣ್‌ನಿಂದ ಕರೆಸಿ ಗೇಟಿನ ಹತ್ತಿರ ನನ್ನೆದುರು ನಿಲ್ಲಿಸಿದರು. ದುಪಟ್ಟಾದಲ್ಲಿ ತಲೆ ಮುಚ್ಚಿಕೊಂಡಿದ್ದಳು. "ಮೇಡಂ, ನೀವು ಓದಿದವರು. ಇದರಿಂದ ಕೂದಲ ಬರ್ತಾವೋ ಇಲ್ಲೋ, ಖರೇ ಹೇಳ್ರಿ ಆಕಿಗೆ" ಎಂದರು. ನನಗೆ ಗೊತ್ತಿತ್ತು. ಜ್ವರದ ನಂತರ ಉದುರಿದ ಕೂದಲು ಸಾಮಾನ್ಯವಾಗಿ ತಾನಾಗಿಯೇ ಮತ್ತೆ ಬರುತ್ತದೆ. ಹೊಟ್ಟೆ ತುಂಬ ಉಂಡು ಕೆಲವು ತಿಂಗಳು ಕಾದರೆ ಸಾಕು. ಡಬ್ಬಿಯದ್ದು ಒಂದು ಕೂದಲನ್ನೂ ಹುಟ್ಟಿಸುವುದಿಲ್ಲ. ಎರಡು ವಾಕ್ಯದಲ್ಲಿ ಮುಗಿಯುವ ಮಾತು. ಅಷ್ಟರಲ್ಲಿ ಮ್ಯಾನೇಜರನ ಕಾರು ನಮ್ಮ ಪಕ್ಕ ಬಂದು ನಿಂತಿತು, ಗೇಟು ತೆರೆಯಲಿ ಎಂದು. ಕಿಟಕಿಯ ಗಾಜು ಇಳಿದಿತ್ತು. ನನ್ನ ಪ್ರಮೋಷನ್ ಕಾಗದ ಆ ವಾರ ಅವನ ಮೇಜಿನ ಮೇಲಿತ್ತು.

"ಒಳ್ಳೆಯ ಪ್ರಾಡಕ್ಟ್ ಅದು," ಎಂದೆ ನಾನು, ಹಿಂದಿಯಲ್ಲಿ, ಅವನಿಗೂ ಕೇಳುವ ಹಾಗೆ. "ಬಿಡದೆ ಹಚ್ಚು, ಗುಣ ಕಾಣುತ್ತದೆ."

ಕಾರು ಹೋಯಿತು. ಕಾಕಾ ತಲೆಯ ಜಾಳಿಗೆ ತೆಗೆದು ಕೈಯಲ್ಲಿ ಮುದ್ದೆ ಮಾಡಿಕೊಂಡು, "ಆತು ಬಿಡ್ರಿ" ಎಂದರು. "ನಡಿ ಮಗಳ, ನಿನ್ನ ರಿಕ್ಷಾ ಹತ್ತಿಸ್ತೀನಿ."

ಆಮೇಲೆ ನಾನು ಅವರ ಹಂಡೆಯ ಕಡೆ ಹೋಗುವುದನ್ನೇ ಬಿಟ್ಟೆ. ಚೀಟಿಗಳನ್ನು ಬೇರೆಯವರ ಕೈಯಲ್ಲಿ ಕಳಿಸುತ್ತಿದ್ದೆ. ಎದುರು ಸಿಕ್ಕರೆ ಅವರು ಎಂದಿನ ಹಾಗೆ "ಉಂಡಿ ಏನ ತಂಗಿ?" ಎನ್ನುತ್ತಿದ್ದರು; ನಾನು ಫೋನ್ ಬಂದವಳ ಹಾಗೆ ನಟಿಸಿ ಜಾಗ ಖಾಲಿ ಮಾಡುತ್ತಿದ್ದೆ. ಅವರು ರಿಟೈರ್ ಆದ ದಿನ ನಾನು ರಜೆ ಹಾಕಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು.

ಹೋದ ವರ್ಷ ಅವರು ತೀರಿಕೊಂಡರು, ಎದೆನೋವು. ಸುದ್ದಿ ಕೇಳಿ ಕಲ್ಯಾಣ್‌ನ ಅವರ ಚಾಳಿನ ಮನೆಗೆ ಹೋದೆ. ಮಗಳೇ ಬಾಗಿಲು ತೆರೆದಳು. ಕೂದಲು ಸೊಂಪಾಗಿ ಬೆಳೆದಿತ್ತು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಿದ್ದಳು. ಚಹಾ ತಂದುಕೊಟ್ಟಳು. ನಾನು ಕಪ್ಪನ್ನು ಪಕ್ಕಕ್ಕಿಟ್ಟೆ. "ಅವತ್ತು ನಾನು ಹೇಳಿದ್ದು ಸುಳ್ಳಮ್ಮ" ಎಂದೆ. "ಆ ಡಬ್ಬಿಯಲ್ಲಿ ಏನೂ ಇರಲಿಲ್ಲ. ನಿಮ್ಮ ಅಪ್ಪ ಹೇಳಿದ್ದೇ ಸರಿ."

"ಗೊತ್ತು ಆಂಟಿ," ಎಂದಳು ಹಿಂದಿಯಲ್ಲಿ. "ರಿಕ್ಷಾ ಹತ್ತಿಸುವಾಗಲೇ ಪಪ್ಪಾ ಹೇಳಿದ್ದರು. ಅವತ್ತೇ ಬಿಟ್ಟೆ." ಆಮೇಲೆ ಅಪ್ಪನ ಮಾತನ್ನು ಅಪ್ಪನ ಕನ್ನಡದಲ್ಲೇ ಹೇಳಿದಳು, ತಡವರಿಸುತ್ತ. "'ಆಕಿ ಸುಳ್ಳ ಹೇಳ್ಯಾಳ, ನೀ ನಂಬಬ್ಯಾಡ. ಮನೀ ನಡಸೂ ಹುಡಿಗಿ, ಹೇಳಲೇಬೇಕಾತು. ಆಕಿಗೆ ಏನೂ ಅನಬ್ಯಾಡ.'"

ಎಲ್ಲರನ್ನೂ ಎಲ್ಲವನ್ನೂ ಬೈದು ಬಿಸಾಡಿದ ಮನುಷ್ಯ ನನ್ನನ್ನು ಬೈಯಲಿಲ್ಲ. ಒಂದೇ ಒಂದು ಸಲ ಬಾಯಿ ತುಂಬ ಬೈದುಬಿಟ್ಟಿದ್ದರೆ ಇಷ್ಟು ಹೊತ್ತಿಗೆ ನಾನು ಮರೆತಿರುತ್ತಿದ್ದೆ.