ಕ್ಯಾಸೆಟ್ಟಿಗೆ ಹಿಡಿಯದ ಮೂರನೆಯ ಪ್ರಶ್ನೆ

ನಿಮ್ಮ ಮನೆಯ ಕಪಾಟಿನಲ್ಲಿ ಹಳೆಯದೊಂದು ತಾಳಮದ್ದಳೆಯ ಕ್ಯಾಸೆಟ್ ಇದ್ದರೆ, ಅದರಲ್ಲಿ ಮಾತನಾಡುವ ಮನುಷ್ಯ ಹೇಳಬೇಕಾದದ್ದು ಮುಗಿಯಿತೆಂದು ನಿಲ್ಲಿಸಿದನೋ, ಟೇಪು ಮುಗಿಯಿತೆಂದು ನಿಲ್ಲಿಸಿದನೋ ಎಂದು ನೀವು ಎಂದಾದರೂ ಕೇಳಿಕೊಂಡಿದ್ದೀರಾ?

ಒಂದು ಕ್ಯಾಸೆಟ್ಟಿನ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತು. ಅಲ್ಲಿ ನಿಲ್ಲಿಸಿದವನು ನಾನು.

ಎಪ್ಪತ್ತರ ದಶಕದಲ್ಲಿ ಕಾಲೇಜು ಓದುವಾಗ ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು. ಅಲ್ಲಿ ನಮಗೆ ದೇವರೆಂದರೆ ಗಂಟೆ. ಮೊದಲ ಗಂಟೆ ಎಚ್ಚರಿಕೆಗೆ, ಎರಡನೆಯದು ಮುಕ್ತಾಯಕ್ಕೆ. ಎರಡನೆಯ ಗಂಟೆಗೆ ಸರಿಯಾಗಿ ಕೊನೆಯ ವಾಕ್ಯವನ್ನು ಮುಗಿಸಿ ತಲೆಬಾಗುವವನೇ ಜಾಣ. ಗಂಟೆಯೊಳಗೆ ಹಿಡಿಯದ ವಾದ ವಾದವೇ ಅಲ್ಲ ಎಂಬ ನಂಬಿಕೆಯನ್ನು ನಾನು ಅನೇಕ ಬಹುಮಾನಗಳ ಜೊತೆ ಮನೆಗೆ ತಂದೆ. ಬಳಿಕ ತೀರ್ಥಹಳ್ಳಿಯಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕನಾದೆ. ಕಲೆ ಉಳಿಯಬೇಕಾದರೆ ಕಲಾವಿದನ ಹೊಟ್ಟೆ ತುಂಬಬೇಕು, ಅದು ತುಂಬಬೇಕಾದರೆ ಕಲೆ ಯಂತ್ರದೊಡನೆ ಕೈಜೋಡಿಸಬೇಕು ಎಂದು ತರಗತಿಯಲ್ಲೂ ಹೊರಗೂ ವಾದಿಸುತ್ತಿದ್ದೆ. ಆ ಮಾತಿನಲ್ಲಿ ತಪ್ಪಿತ್ತೆಂದು ಈಗಲೂ ನನಗೆ ಅನ್ನಿಸುವುದಿಲ್ಲ. ಆದ್ದರಿಂದಲೇ ಈ ಬರಹ ನನಗೆ ಕಷ್ಟ.

ನಮ್ಮ ಪೇಟೆಯಲ್ಲಿ ಒಬ್ಬರು ಟೈಲರು ಇದ್ದರು. ಹಗಲೆಲ್ಲ ಹೊಲಿಗೆ, ಕರೆ ಬಂದರೆ ತಾಳಮದ್ದಳೆ. ತಿಳಿಯದವರಿಗಾಗಿ ಹೇಳುತ್ತೇನೆ: ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಒಂದು ಪದ್ಯ ಹಾಡುತ್ತಾರೆ. ಕುಳಿತವರು ಪಾತ್ರವಾಗಿ ಅಲ್ಲಲ್ಲೇ ಮಾತು ಕಟ್ಟಿ ಒಬ್ಬರಿಗೊಬ್ಬರು ಎದುರು ವಾದಿಸುತ್ತಾರೆ. ಆ ಮಾತಿಗೆ ‘ಅರ್ಥ’ ಎಂದೇ ಹೆಸರು, ಹೇಳುವವರು ಅರ್ಥಧಾರಿ. ಪದ್ಯ ಎಲ್ಲರದು, ಅರ್ಥ ಅವರವರದು. ನಿನ್ನೆ ಹೇಳಿದ ಅರ್ಥವನ್ನು ಇಂದು ಹೇಳಿದರೆ ಎದುರಿಗೆ ಕುಳಿತವರು ನಗುತ್ತಿದ್ದರು.

ನಮ್ಮ ಟೈಲರ ಹೆಸರಾಂತ ಪಾತ್ರ, ಮರೆಯಿಂದ ಬಂದ ಬಾಣಕ್ಕೆ ಬಿದ್ದವನದು. ಬಿದ್ದವನು ಸಾಯುವ ಮುನ್ನ ಹೊಡೆದವನನ್ನು ಪ್ರಶ್ನಿಸುತ್ತಾನೆ, ಉತ್ತರ ಕೇಳಿ ಶರಣಾಗುತ್ತಾನೆ. ನಿನಗೂ ನನಗೂ ಹಗೆಯಿರಲಿಲ್ಲ, ಏಕೆ ಹೊಡೆದೆ? ಎದುರಿಗೆ ಬರದೆ ಮರೆಯಲ್ಲಿ ಏಕೆ ನಿಂತೆ? ಈ ಎರಡು ಪ್ರಶ್ನೆಗಳನ್ನು ಎಲ್ಲ ಅರ್ಥಧಾರಿಗಳೂ ಕೇಳುತ್ತಿದ್ದರು, ಅವಕ್ಕೆ ಸಿದ್ಧ ಉತ್ತರಗಳಿದ್ದವು. ಟೈಲರು ಮೂರನೆಯದೊಂದನ್ನು ಕೇಳುತ್ತಿದ್ದರು. “ನಾನು ಬದುಕಿದ್ದು ಕೇಳಿದೆ, ನೀನು ಕಾರಣ ಹೇಳಿದೆ. ಕೇಳುವುದಕ್ಕೆ ಉಸಿರಿಲ್ಲದೆ ಸತ್ತವರಿಗೆ ನಿನ್ನ ಧರ್ಮ ಯಾವ ಉತ್ತರ ಕೊಡುತ್ತದೆ?” ಅಲ್ಲಿಗೆ ಎದುರಾಳಿಯ ಸಿದ್ಧತೆಯೆಲ್ಲ ಮುಗಿಯುತ್ತಿತ್ತು. ಪ್ರತಿ ಕೂಟದಲ್ಲೂ ಉತ್ತರ ಬೇರೆಯಾಗುತ್ತಿತ್ತು. ಮಂಡಗದ್ದೆ ಕಡೆಯ ಹಿರಿಯ ಅರ್ಥಧಾರಿಯೊಬ್ಬರು ಒಮ್ಮೆ ಉತ್ತರವನ್ನೇ ಕೊಡದೆ, “ಆ ಋಣ ನನ್ನ ಮೇಲಿರಲಿ” ಎಂದಿದ್ದರು. ಅಂಥ ಮಾತಿನ ನಂತರ ಟೈಲರು ಹೇಳುವ ‘ಶರಣು’ ಎಂಬ ಮಾತಿಗೆ ತೂಕವಿರುತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಸಣ್ಣ ಪೇಟೆಗಳಿಗೂ ಟೇಪ್ ರೆಕಾರ್ಡರು ಬಂತು. ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವರೇ ಮೈಕ್ ಸೆಟ್ಟನ್ನೂ ಬಾಡಿಗೆಗೆ ಕೊಡುತ್ತಿದ್ದರು. ಅವರ ಮೈಕನ್ನು ಟೇಪ್ ರೆಕಾರ್ಡರಿಗೆ ಸೇರಿಸುವುದು, ಕರೆಂಟು ಹೋದರೆ ಬಸ್ಸಿನ ಹಳೆಯ ಬ್ಯಾಟರಿ, ಎರಡು ರೆಕಾರ್ಡರುಗಳ ನಡುವೆ ತಂತಿ ಎಳೆದು ನಕಲು, ಹೊದಿಕೆಗೆ ಪಕ್ಕದ ಪ್ರೆಸ್ಸು. ಬಿಡಿಬಿಡಿಯಾಗಿದ್ದ ನಾಲ್ಕು ಕಸುಬುಗಳನ್ನು ಒಂದು ಮಾಡಿದ್ದು ನಾನು. ಪ್ರೆಸ್ಸಿನ ಕಾಗದದ ಕೋಣೆಯಲ್ಲಿ ಬಂಡಲುಗಳ ನಡುವೆ ಕುಳಿತರೆ ಮಾತು ಪ್ರತಿಧ್ವನಿಸುವುದಿಲ್ಲ ಎಂದು ಕಂಡುಕೊಂಡಾಗ ನಾನು ಪಟ್ಟ ಹೆಮ್ಮೆ ಹೇಳತೀರದು.

ರೇಡಿಯೋ ರಿಪೇರಿಯವರು ಕೇಳಿದರು: “ಮೈಕು ನಂದು, ಕಾಗದ ಪ್ರೆಸ್ಸಿನವ್ರದ್ದು, ಗಂಟ್ಲು ಟೈಲರ್ದು. ನಿಮ್ದು ಎಂತ ಇದೆ ಮೇಷ್ಟ್ರೇ ಇದ್ರಲ್ಲಿ?”

“ಯೋಜನೆ” ಎಂದೆ.

“ಹಾಗಾರೆ ಕೆಟ್ರೂ ನಿಮ್ದೇ ಅಂತಾಯ್ತು” ಎಂದು ನಕ್ಕರು.

ಟೈಲರನ್ನು ಒಪ್ಪಿಸಲು ಅಂಗಡಿಗೆ ಹೋದೆ. ಒಂದು ಕ್ಯಾಸೆಟ್ಟಿಗೆ ಎರಡು ಬದಿ, ಬದಿಗೆ ಅರ್ಧ ಗಂಟೆ, ಅಷ್ಟರೊಳಗೆ ಪ್ರಸಂಗ ಮುಗಿಯಬೇಕು ಎಂದು ವಿವರಿಸಿದೆ. ಕೂಟದಲ್ಲಿ ಅದು ಮೂರು ಗಂಟೆಗೆ ಕಡಿಮೆಯಿಲ್ಲದೆ ನಡೆಯುತ್ತಿತ್ತು. ಅವರು ಹೊಲಿಗೆ ನಿಲ್ಲಿಸದೆಯೇ ಹೇಳಿದರು:

“ಬಟ್ಟೆ ಸಾಲ್ದು ಅಂದ್ರೆ ತೋಳು ಗಿಡ್ಡ ಮಾಡ್ಬಹುದು ಮೇಷ್ಟ್ರೇ. ಕುತ್ಗೆ ಗಿಡ್ಡ ಮಾಡೋಕಾಗುತ್ತಾ?”

“ಎರಡು ಕ್ಯಾಸೆಟ್ಟಿನ ಜೋಡಿ ಮಾಡಿದರೆ ಯಾರೂ ಕೊಳ್ಳುವುದಿಲ್ಲ ಅಣ್ಣ. ವಿಚಾರ ಸ್ಪಷ್ಟವಾಗಿದ್ದರೆ ಐದು ನಿಮಿಷದಲ್ಲೂ ಹೇಳಬಹುದು. ಚರ್ಚಾಸ್ಪರ್ಧೆಯಲ್ಲಿ ನಾವು ಹೇಳುತ್ತಿರಲಿಲ್ಲವೇ?”

“ನೀವು ಗೆಲ್ಲೋಕೆ ಹೇಳ್ತಿದ್ರಿ. ನಿಮ್ದು ಅರ್ಥಶಾಸ್ತ್ರ, ನಮ್ದು ಬರೀ ಅರ್ಥ.” ಹೊಲಿಯುತ್ತಿದ್ದ ಬಟ್ಟೆಯನ್ನು ಮಗುಚಿ, “ಆಗ್ಲಿ, ಇಷ್ಟು ಓದಿದವ್ರು ಹೇಳ್ತೀರಿ” ಎಂದರು.

ನಾನು ಮಾತಿನಲ್ಲಿ ಗೆದ್ದೆನೆಂದು ತಿಳಿದೆ. ಅವರು ನನ್ನ ಓದಿಗೆ ಮರ್ಯಾದೆ ಕೊಟ್ಟಿದ್ದರು, ಅಷ್ಟೇ.

ಧ್ವನಿಮುದ್ರಣ ನಡೆದದ್ದು ಒಂದು ಭಾನುವಾರ ಬೆಳಿಗ್ಗೆ. ಎದುರು ಅರ್ಥಕ್ಕೆ ಮಂಡಗದ್ದೆ ಕಡೆಯ ಆ ಹಿರಿಯರೇ ಬಂದಿದ್ದರು. ನಾನು ಗಡಿಯಾರ ಹಿಡಿದು ಮೇಜಿನ ಬಳಿ ಕುಳಿತೆ. ಮೊದಲ ಬದಿ ಸುಸೂತ್ರವಾಗಿ ತುಂಬಿತು. ಎರಡನೆಯ ಬದಿಯಲ್ಲಿ ಹಿರಿಯರು ಎರಡನೆಯ ಪ್ರಶ್ನೆಗೆ ಉತ್ತರ ಮುಗಿಸುವ ವೇಳೆಗೆ ಟೇಪು ಕೆಲವೇ ನಿಮಿಷ ಉಳಿದಿತ್ತು. ಶರಣಾಗತಿಯ ಪದ್ಯಕ್ಕೆ ಅಷ್ಟು ಬೇಕೇ ಬೇಕು. ಟೈಲರು ಉಸಿರು ಎಳೆದುಕೊಂಡು ಮೂರನೆಯ ಪ್ರಶ್ನೆಗೆ ಅಣಿಯಾಗುತ್ತಿದ್ದುದನ್ನು ನಾನು ಕಂಡೆ. ಪೆನ್ಸಿಲಿನಿಂದ ಮೇಜಿನ ಮೇಲೆ ಎರಡು ಸಲ ಕುಟ್ಟಿದೆ. ಅದು ಎರಡನೆಯ ಗಂಟೆ.

ಅವರು ನನ್ನನ್ನು ನೋಡಿದರು. ನಾನು ಟೇಪಿನ ಕಡೆ ಬೆರಳು ತೋರಿಸಿದೆ. ಅವರು ಕಣ್ಣು ಮುಚ್ಚಿ, “ಶರಣು” ಎಂದರು. ಭಾಗವತರು ಪದ್ಯ ಎತ್ತಿಕೊಂಡರು. ಪದ್ಯ ಮುಗಿದದ್ದೂ ಟೇಪು ನಿಂತದ್ದೂ ಒಂದೇ ಕ್ಷಣಕ್ಕೆ. ನಾನು ಚಪ್ಪಾಳೆ ತಟ್ಟಿದೆ. ಬೇರೆ ಯಾರೂ ತಟ್ಟಲಿಲ್ಲ.

ಕ್ಯಾಸೆಟ್ಟು ಗೆದ್ದಿತು. ರೇಡಿಯೋ ರಿಪೇರಿಯವರು ಸಾಗರದಲ್ಲಿ ನಕಲು ಮಾಡುವುದಕ್ಕೆಂದೇ ಇನ್ನೊಂದು ಅಂಗಡಿ ತೆರೆದರು. ಪ್ರೆಸ್ಸಿನಲ್ಲಿ ಹೊದಿಕೆ ಎರಡು ಬಣ್ಣದಲ್ಲಿ ಅಚ್ಚಾಯಿತು. ಮೇಗರವಳ್ಳಿಯ ಹೋಟೆಲಿನಲ್ಲಿ ಬೆಳಗಿನ ಕಾಫಿಯ ಜೊತೆ ಅದೇ ಕೇಳುತ್ತಿತ್ತು. ಕಂಡಕ್ಟರುಗಳು ಕಟ್ಟು ಕಟ್ಟಾಗಿ ಕ್ಯಾಸೆಟ್ಟು ಒಯ್ದು ಊರೂರಿಗೆ ಮುಟ್ಟಿಸಿದರು. ಸಾಗರದ ಸಭೆಯೊಂದರಲ್ಲಿ ನಾನು ‘ಯಂತ್ರಗಳು ಕೂಡಿದಲ್ಲಿ ಕಲೆ ಬದುಕುತ್ತದೆ’ ಎಂಬ ವಿಷಯವಾಗಿ ಮಾತನಾಡಿ, ನಮ್ಮ ಕ್ಯಾಸೆಟ್ಟನ್ನು ಎತ್ತಿ ಹಿಡಿದು ತೋರಿಸಿದೆ. ನನ್ನ ಉದಾಹರಣೆ ಸುಳ್ಳಾಗಿರಲಿಲ್ಲ. ಬಹಳ ಜನ ಬದುಕಿದರು. ಅವರ ಪೈಕಿ ಟೈಲರು ಇದ್ದಾರೆಯೇ ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರಿಗೆ ಸಂಭಾವನೆ ಸಂದಿತ್ತು, ಒಂದು ಶಾಲು ಹೊದಿಸಿದ್ದೆವು.

ಅವರಿಗೆ ಬರುವ ಕರೆಗಳು ಮೊದಲಿಗೆ ಹೆಚ್ಚಾದವು. ಕರೆಯುವ ರೀತಿ ಮಾತ್ರ ಬದಲಾಯಿತು. “ಕ್ಯಾಸೆಟ್ಟಿನಲ್ಲಿ ಇರುವಂತೆಯೇ ಹೇಳಬೇಕು” ಎಂದು ಕಾಗದದಲ್ಲಿ ಬರೆದಿರುತ್ತಿದ್ದರು. ಅವರು ಅದನ್ನು ನನಗೆ ಓದಿಸಿ, “ನನ್ಗೆ ನನ್ನ ಹಾಗೇ ಮಾತಾಡಿ ಅಂತಿದಾರೆ, ನೋಡಿ” ಎನ್ನುತ್ತಿದ್ದರು. ಆಗ ಇಬ್ಬರೂ ನಗುತ್ತಿದ್ದೆವು.

ಆಮೇಲೆ ಹೊಸನಗರದ ಕೂಟ ಬಂತು. ಭಾನುವಾರದ ಮಧ್ಯಾಹ್ನ, ಸಭಾಭವನ ತುಂಬಿತ್ತು. ನನ್ನನ್ನು ಅತಿಥಿಯೆಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಹೊಡೆದವನ ಅರ್ಥಕ್ಕೆ ಆ ಊರಿನ ಯುವಕನೊಬ್ಬ ಕುಳಿತಿದ್ದ. ಒಳ್ಳೆಯ ಕಂಠ, ನಿರರ್ಗಳ ಮಾತು. ಎರಡು ವಾಕ್ಯ ಕೇಳುವಷ್ಟರಲ್ಲಿ ನನಗೆ ತಿಳಿಯಿತು: ಮಂಡಗದ್ದೆಯ ಹಿರಿಯರ ಮಾತುಗಳನ್ನು, ಅವರು ಉಸಿರು ತೆಗೆದುಕೊಳ್ಳುವ ಜಾಗಗಳ ಸಮೇತ, ಆತ ಕ್ಯಾಸೆಟ್ಟಿನಿಂದ ಬಾಯಿಪಾಠ ಮಾಡಿದ್ದ. ಸಭೆಯಲ್ಲಿ ಕೆಲವರ ತುಟಿಗಳೂ ಅವನ ಜೊತೆ ಅಲ್ಲಾಡುತ್ತಿದ್ದವು.

ಎರಡನೆಯ ಪ್ರಶ್ನೆಗೆ ಅವನ ಉತ್ತರ ಮುಗಿಯಿತು. ಟೈಲರು ಉಸಿರು ಎಳೆದುಕೊಂಡರು. ಅಷ್ಟರಲ್ಲಿ ಮದ್ದಳೆಯವರು ಎರಡು ಒಣ ಪೆಟ್ಟು ಹಾಕಿದರು. ಭಾಗವತರು ಶರಣಾಗತಿಯ ಪದ್ಯ ಎತ್ತಿಯೇ ಬಿಟ್ಟರು.

ಟೈಲರು ಕೈ ಎತ್ತಿ ತಡೆದರು. “ಭಾಗವತ್ರೇ, ನಾನು ಇನ್ನೂ ಸತ್ತಿಲ್ಲ.”

ಸಭೆ ನಕ್ಕಿತು. ಹಿಂದಿನಿಂದ ಒಬ್ಬರು, “ಕ್ಯಾಸೆಟ್ಟಲ್ಲಿ ಇಷ್ಟೊತ್ತಿಗೆ ಸತ್ತಾಗಿರ್ತದಲ್ಲ ಮಾರಾಯ್ರೆ” ಎಂದರು. ನಗು ಇನ್ನೂ ಜೋರಾಯಿತು.

ನಗು ಅಡಗುವವರೆಗೆ ಕಾದು ಟೈಲರು ಮೂರನೆಯ ಪ್ರಶ್ನೆ ಕೇಳಿದರು. ಯುವಕ ಭಾಗವತರ ಮುಖ ನೋಡಿದ, ಸಭೆಯನ್ನು ನೋಡಿದ. ಕೊನೆಗೆ ತಗ್ಗಿದ ದನಿಯಲ್ಲಿ, ಆದರೆ ಮೈಕಿಗೆ ಕೇಳುವಂತೆ, “ಆ ಮಾತು ಪ್ರಸಂಗದಲ್ಲಿ ಇಲ್ಲ” ಎಂದ.

“ಪ್ರಸಂಗದಲ್ಲಿ ಯಾವ ಮಾತೂ ಇಲ್ಲ ತಮ್ಮಾ. ಪದ್ಯ ಇದೆ. ಮಾತು ನಮ್ದು.”

“ಹಾಗಿದ್ರೆ ನೀವೇ ಯಾಕೆ ಕ್ಯಾಸೆಟ್ಟಲ್ಲಿ ಹೇಳ್ಲಿಲ್ಲ?”

ಇದಕ್ಕೆ ಉತ್ತರ ಕೊಡಬೇಕಾದವನು ನಾನು. ಎದ್ದು ನಿಂತು ಒಂದೇ ವಾಕ್ಯ ಹೇಳಿದ್ದರೆ ಸಾಕಿತ್ತು: ಅವರು ಹೇಳಹೊರಟಿದ್ದರು, ತಡೆದವನು ನಾನು. ಸಾವಿರ ಜನರೆದುರು ಯಾವ ವಿಷಯದ ಪರವಾಗಿಯೂ ವಿರೋಧವಾಗಿಯೂ ಮಾತನಾಡಲು ತರಬೇತಾದ ನನ್ನ ನಾಲಗೆ ಆ ಹೊತ್ತಿಗೆ ಏಳಲಿಲ್ಲ. ವ್ಯವಸ್ಥಾಪಕರು, “ಮುಂದುವರಿಸಿ, ಜನಕ್ಕೆ ಬಸ್ಸಿದೆ” ಎಂದರು. ಟೈಲರು ಕಣ್ಣು ಮುಚ್ಚಲಿಲ್ಲ. ಯುವಕನನ್ನೇ ನೋಡುತ್ತ “ಶರಣು” ಎಂದರು. ಜನ ಚಪ್ಪಾಳೆ ತಟ್ಟಿದರು, ಏಕೆಂದರೆ ಈಗ ಎಲ್ಲವೂ ಸರಿಯಾಗಿತ್ತು.

ಹೊರಡುವ ಮುಂಚೆ ಮದ್ದಳೆಯವರನ್ನು ಕೇಳಿದೆ: “ಆ ಎರಡು ಪೆಟ್ಟು ಏಕೆ ಹಾಕಿದಿರಿ?”

“ಅಲ್ಲಿ ಅದು ಕ್ರಮ ಅಲ್ವಾ ಸಾರ್? ಕ್ಯಾಸೆಟ್ಟಲ್ಲಿ ಇದೆ. ಹಳೇ ಕಾಲದ್ದೇ ಇರ್ಬೇಕು, ಈಗಿನವ್ರು ಯಾರೂ ಹಾಕಲ್ಲ.”

ಅದು ನನ್ನ ಪೆನ್ಸಿಲು ಎಂದು ಅವರಿಗೂ ಹೇಳಲಾಗಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಟೈಲರು ನನ್ನ ಪಕ್ಕದಲ್ಲೇ ಕುಳಿತಿದ್ದರು. ಇಳಿಯುವಾಗ ಚೀಲ ಹೆಗಲಿಗೆ ಹಾಕಿಕೊಂಡು ಹೇಳಿದರು: “ನೀವು ಮುಂದಿನ ಸಾಲಲ್ಲೇ ಕೂತಿದ್ರಿ ಮೇಷ್ಟ್ರೇ.”

ಅದರ ನಂತರ ಅವರು ಒಂದೆರಡು ಕೂಟಗಳಿಗೆ ಹೋದರು, ಆಮೇಲೆ ಬಿಟ್ಟರು. ಕರೆಯಲು ಬಂದವರಿಗೆ, “ಕ್ಯಾಸೆಟ್ಟು ಇದೆಯಲ್ಲ, ಅದನ್ನೇ ಕೂರ್ಸಿ” ಎನ್ನುತ್ತಿದ್ದರು. ಒಂದು ಊರಿನವರು ಅದನ್ನು ತಮಾಷೆಯೆಂದು ತಿಳಿಯದೆ ಹಾಗೆಯೇ ಮಾಡಿದರು: ಟೇಪ್ ರೆಕಾರ್ಡರಿಗೆ ಹಾರ ಹಾಕಿ, ಮೈಕ್ ಮುಂದಿಟ್ಟು, ಕೂಟ ನಡೆಸಿದರು. ಜನ ಬಂದಿದ್ದರಂತೆ.

ನಾನು ತಪ್ಪನ್ನು ತಿದ್ದಲು ಹೊರಟೆ. ಆ ಪ್ರಸಂಗವನ್ನು ಮೂರು ಕ್ಯಾಸೆಟ್ಟುಗಳಲ್ಲಿ, ಗಡಿಯಾರವಿಲ್ಲದೆ, ಮತ್ತೆ ಧ್ವನಿಮುದ್ರಿಸೋಣ ಎಂದು ಅಂಗಡಿಗೆ ಹೋಗಿ ಕೇಳಿದೆ. ಅವರು ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದರು.

“ಬಟ್ಟೆ ಕತ್ತರ್ಸಿ ಆದ್ಮೇಲೆ ಅಳತೆ ತಗೊಳ್ಳೋಕೆ ಬಂದ್ರಾ?”

“ಮಂಡಗದ್ದೆಯ ಹಿರಿಯರನ್ನೂ ಒಪ್ಪಿಸುತ್ತೇನೆ.”

“ಅವ್ರು ಬರ್ತಾರೆ. ನಾನೂ ಬಂದು ಕೂರ್ಬಹುದು. ಆದ್ರೆ ಮೂರನೇದು ಕೇಳಿದ ಕೂಡ್ಲೇ ಅದೂ ಒಂದು ಪಾಠ ಆಗ್ತದೆ. ಅದಕ್ಕೊಂದು ಉತ್ತರ ಆಗ್ತದೆ. ಆಮೇಲೆ ನಾಲ್ಕನೇದು ಕೇಳಿದವ್ನಿಗೆ ಹೀಗೇ ನಗ್ತಾರೆ.” ದಾರವನ್ನು ಹಲ್ಲಿನಲ್ಲಿ ಕಡಿದರು. “ಬೇಡ ಬಿಡಿ.”

ಆದರೂ ಯಂತ್ರವನ್ನು ದೂರುವವರ ಪಂಕ್ತಿಯಲ್ಲಿ ಕೂರಲು ನಾನು ಸಿದ್ಧನಿಲ್ಲ. ಟೇಪಿಗೆ ಉದ್ದವಿತ್ತು, ಅಭಿಪ್ರಾಯವಿರಲಿಲ್ಲ. ಇನ್ನೆರಡು ಕ್ಯಾಸೆಟ್ಟು ಹಾಕಿದ್ದರೆ ಅದು ಬೇಸರವಿಲ್ಲದೆ ಮೂರು ಗಂಟೆಯೂ ಕೇಳುತ್ತಿತ್ತು. ಕಸುಬುಗಳನ್ನು ಕೂಡಿಸುವ ಉತ್ಸಾಹದಲ್ಲಿ, ಎಲ್ಲ ಕಸುಬುಗಳೂ ಯಾರ ಮಾತನ್ನು ನೆಚ್ಚಿದ್ದವೋ ಅವರಿಗೆ ಎಷ್ಟು ಹೊತ್ತು ಬೇಕೆಂದು ಕೇಳದೆ, ಕೊಳ್ಳುವವರಿಗೆ ಎಷ್ಟು ಸಾಕೆಂದು ಮಾತ್ರ ಲೆಕ್ಕ ಹಾಕಿದ್ದು ನಾನು. ಸುಧಾರಣೆ ಮಾಡಲು ಹೊರಟವರಿಗೆ ಬಹಳ ಬೇಗ ಬರುವ ರೋಗ ಅದು.

ಟೈಲರು ಈಗ ಇಲ್ಲ. ಆ ಕ್ಯಾಸೆಟ್ಟಿನ ನಕಲುಗಳು ಇನ್ನೂ ಓಡುತ್ತಿವೆ. ಅದನ್ನು ಕೇಳಿಯೇ ಅರ್ಥ ಕಲಿಯುವವರೂ ಇದ್ದಾರೆ. ಮರೆಯಿಂದ ಬಂದ ಬಾಣಕ್ಕೆ ಬಿದ್ದವನು ಎರಡೇ ಪ್ರಶ್ನೆ ಕೇಳಿ ಶರಣಾಗುವ, ಶರಣಾಗುವ ಮುಂಚೆ ಎರಡು ಒಣ ಪೆಟ್ಟು ಕೇಳಿಸುವ ಕ್ಯಾಸೆಟ್ಟು ನಿಮ್ಮ ಮನೆಯಲ್ಲಿದ್ದರೆ, ದಯವಿಟ್ಟು ಅದರ ಹೊದಿಕೆಯ ಮೇಲೆ ಪೆನ್ನಿನಲ್ಲಿ ‘ಇದು ಪೂರ್ತಿಯಲ್ಲ’ ಎಂದು ಬರೆದಿಡಿ.