ಇಪ್ಪತ್ತನೆಯ ನಿಮಿಷ

ನಮ್ಮ ಮನೆಯವರು ಗೋಪಾಲ, ಬಾಗಲಕೋಟೆಯವರು. ನಾಸಿಕದ ಹತ್ತಿರ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ತಂತ್ರಜ್ಞರು. ದೋಷ ಕಣ್ಣಿಗೆ ಬೀಳುವ ತನಕ ಒಂದು ಸ್ಕ್ರೂ ಕೂಡ ಬದಲಿಸುವ ಜೀವವಲ್ಲ. ನಿಂತ ವಿಮಾನದೊಳಗೆ ಧೂಳು ಹೋಗದಂತೆ ಗಾಳಿಕಿಂಡಿಗಳಿಗೆ ಕೆಂಪು ಬಟ್ಟೆಯ ಮುಚ್ಚಿಗೆ ಹಾಕುತ್ತಾರಂತೆ. ಅದನ್ನು ತೆಗೆಯಲು ಯಾರಾದರೂ ಮರೆತರೆ ಇವರು ಕೇಳುವುದು ಒಂದೇ ಮಾತು: "ಮ್ಯಾಲ ಹಾರಿದ್ದರ ಏನಾಗ್ತಿತ್ತು, ಹೇಳು?" ಊಟಕ್ಕೆ ಕೂತಾಗಲೂ ಅದೇ ಕಥೆ. ನಮಗೆಲ್ಲ ಬಾಯಿಪಾಠ.

2011ರ ಬೇಸಿಗೆ. ಮಗಳು ರುಚಿತಾ ಕಾಲೇಜಿನ ನಾಲ್ವರು ಗೆಳತಿಯರ ಜೊತೆ ಕಂಪ್ಯೂಟರ್ ಆಟದ ಸ್ಪರ್ಧೆಗೆ ಹೆಸರು ಕೊಟ್ಟಿದ್ದಳು. ಭಾನುವಾರ ನಾಲ್ಕಕ್ಕೆ, ಮನೆಯಿಂದಲೇ ಇಂಟರ್ನೆಟ್ಟಿನಲ್ಲಿ ಆಡುವುದು, ಪೂರ್ತಿ ನಲವತ್ತು ನಿಮಿಷ. ಹಳೆಯ ಆಟಗಳನ್ನೆಲ್ಲ ಓಡಿಸುತ್ತಿದ್ದ ನಮ್ಮ ಕಂಪ್ಯೂಟರ್ ಈ ಹೊಸ ಆಟ ಹಾಕಿದರೆ ಇಪ್ಪತ್ತನೆಯ ನಿಮಿಷಕ್ಕೆ ಫಟ್ಟೆಂದು ಆರುತ್ತಿತ್ತು. ಇನ್ನೊಮ್ಮೆ ಆರಿದರೆ ನಿನ್ನನ್ನು ಬಿಟ್ಟು ಬೇರೆಯವಳನ್ನು ಸೇರಿಸಿಕೊಳ್ಳುತ್ತೇವೆ ಎಂದಿದ್ದರು ಆ ಹುಡುಗಿಯರು.

"ಅಪ್ಪಾ, ಗೇಮ್ ಭಾಳ ಹೆವಿ ಐತಿ. ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕಽ ಬೇಕು," ಅಂದಳು.

"ಆಟ ತಯಾರ ಮಾಡಾವ್ರು ಹೊಸಾದು ತರ್ರಿ ಅಂದ್ರ ನಾವು ತರಬೇಕೇನು? ಬರೂ ವರ್ಷ ಮತ್ತೊಂದು ಆಟ ಬರ್ತೈತಿ. ಕುಣಿಯಲಾರದಾಕಿ ನೆಲ ಡೊಂಕು ಅಂದಳಂತ!" ಅಂದರು ಇವರು.

ಹಾಗಂತ ಮಗಳಿಗೆ ಅನ್ನುವುದೇ? ಇವರೋ, ಕರೆಂಟಿನ ದೋಷವೇ ಇರಬೇಕೆಂದು ನಾಲ್ಕು ದಿನ ಮೀಟರು ಹಿಡಿದು ಪ್ಲಗ್ಗು, ವೈರು ತಪಾಸಣೆ ಮಾಡಿದರು.

ಭಾನುವಾರ ಆಟ ಶುರುವಾಯಿತು. ಹದಿನೈದನೆಯ ನಿಮಿಷಕ್ಕೆ ಕಂಪ್ಯೂಟರ್ ಗುಯ್‌ಗುಡತೊಡಗಿತು. ರುಚಿತಾಳ ಬೆರಳು ನಿಲ್ಲಲಿಲ್ಲ. ಹದಿನೆಂಟು. ನಾನು ಗಡಿಯಾರ ನೋಡಲೋ, ಅವಳ ಮುಖ ನೋಡಲೋ? ತಾಯಿ ಬನಶಂಕರಿ, ಇದೊಂದು ಸಲ ದಾಟಿಸವ್ವಾ ಎಂದು ಹರಕೆ ಹೊತ್ತೆ. ಹತ್ತೊಂಬತ್ತು. ಪರದೆ ಕಪ್ಪಾಯಿತು.

"ಮುಗೀತು," ಅಂದಳು ಅವಳು. ಅಳಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

"ನಾಳೆ ಹೊಸಾದು ತರೂಣು," ಎಂದು ಇವರು ಸೋತ ದನಿಯಲ್ಲಿ ಹೇಳಿ ಕಂಪ್ಯೂಟರಿನ ಡಬ್ಬಿಯನ್ನು ಗೋಡೆಯಿಂದ ಈಚೆ ಎಳೆದರು. ಎಳೆದವರು ಬಗ್ಗಿ ಹಿಂದೆ ನೋಡಿದರು. ಬಿಸಿಗಾಳಿ ಹೊರಹೋಗುವ ಹಿಂಬದಿಯ ಗಾಳಿಕಿಂಡಿಗೆ ಕೆಂಪು ಬಟ್ಟೆ, ನಾಲ್ಕೂ ಅಂಚಿಗೆ ಟೇಪು. ದೀಪಾವಳಿಗೆ ಊರಿಗೆ ಹೋಗುವಾಗ ಧೂಳು ಹೋಗಬಾರದೆಂದು ಇವರೇ ಅಂಟಿಸಿದ್ದು. ಬಂದ ಮೇಲೆ ಮುಂಬದಿಯದನ್ನು ಕಿತ್ತಿದ್ದರು, ಹಿಂಬದಿಯದನ್ನು ಮರೆತಿದ್ದರು.

ರುಚಿತಾ ಆಗಲೇ ಎದ್ದು ಒಳಕೋಣೆಗೆ ಹೋಗಿದ್ದಳು. ಬಟ್ಟೆ ಕಿತ್ತು ಜೇಬಿಗಿಟ್ಟಿದ್ದರೆ ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ನಾನೂ ನೋಡಿ ನೋಡದಂತೆ ಇರುತ್ತಿದ್ದೆ. ಇವರು ಮಾತ್ರ ಅದನ್ನು ಒಯ್ದು ಮಗಳ ಕೈಯಲ್ಲಿಟ್ಟರು.

"ಆಟದ್ದೂ ತಪ್ಪಲ್ಲವ್ವಾ, ಮಷೀನಿಂದೂ ಅಲ್ಲ. ನಂದು."

ಅವಳು ಬಟ್ಟೆಯನ್ನು ತಿರುವಿ ನೋಡಿದಳು. ಈಗ ಕಣ್ಣು ತುಂಬಿ ಬಂತು.

"ಮ್ಯಾಲ ಹಾರಿದ್ದರ ಏನಾಗ್ತಿತ್ತು, ಅಪ್ಪಾ?"

ಮರುದಿನ ಬೆಳಿಗ್ಗೆ ಇವರು ಆ ಬಟ್ಟೆಯನ್ನು ಅವಳಿಂದ ಕೇಳಿ ಇಸಿದುಕೊಂಡು ಕಾರ್ಖಾನೆಗೆ ಹೋದರು. ಹೊಸಬರಿಗೆ ಪಾಠ ಹೇಳುವಾಗ ಅದನ್ನು ಮೇಜಿನ ಮೇಲೆ ಹರವಿ, ಮರೆತವನ ಹೆಸರು ಗೋಪಾಲ ಎಂದರಂತೆ.