ಪರದೆಯ ಮೇಲೆ ಇಲ್ಲದ ಮಾತು

ಬೀದಿಯಲ್ಲಿ ಎಲ್ಲರೂ ಅವಳನ್ನು ಟಿಕೆಟ್ ಅಕ್ಕ ಎಂದೇ ಕರೆಯುತ್ತಿದ್ದರು. ಆಯುಸ್ಸಿನ ಬಹುಪಾಲು ಒಂದು ಸಿನಿಮಾ ಮಂದಿರದ ಕೌಂಟರಿನಲ್ಲಿ, ಕೈ ತೂರುವಷ್ಟು ಮಾತ್ರ ತೆರೆದ ಕಿಂಡಿಯ ಹಿಂದೆ ಕೂತು ಕಳೆದವಳು. ಒಳಗೆ ಹೋಗಿ ಸಿನಿಮಾ ನೋಡಿದ್ದು ಕಡಿಮೆ. ಆದರೆ ಯಾವ ಸಿನಿಮಾ ಓಡುತ್ತದೆ, ಯಾವುದು ಮೂರನೇ ದಿನಕ್ಕೆ ಮಕಾಡೆ ಮಲಗುತ್ತದೆ ಎಂದು ಅವಳು ಹೇಳಿದರೆ ತಪ್ಪುತ್ತಿರಲಿಲ್ಲ. “ಹೊರಗೆ ಬರೋರ ಮುಖ ನೋಡಿದ್ರೆ ಸಾಕು, ಒಳಗೆ ಏನಾಯ್ತು ಅಂತ ಹೇಳ್ತೀನಿ” ಎನ್ನುತ್ತಿದ್ದಳು. ಮ್ಯಾನೇಜರೇ ಬಂದು ಕೇಳುತ್ತಿದ್ದ.

ಮದುವೆಯಾಗಲಿಲ್ಲ. ಅಪ್ಪ ಅಮ್ಮ ಬೇಗ ಹೋದರು, ಕೈಯಲ್ಲಿ ಉಳಿದವನು ಅವಳಿಗಿಂತ ಹನ್ನೆರಡು ವರ್ಷ ಚಿಕ್ಕ ತಮ್ಮ. ಅವನ ಶಾಲೆ, ಅವನ ಜ್ವರ, ಅವನ ಹರಿದ ಚಪ್ಪಲಿ ಎಂದು ನೋಡುವಷ್ಟರಲ್ಲಿ ತನ್ನ ಕಾಲ ಮುಗಿದಿತ್ತು. ತಮ್ಮ ಓದಿನಲ್ಲಿ ಅಷ್ಟಕ್ಕಷ್ಟೆ. ಸೋಫಾ ರಿಪೇರಿ ಕಲಿತ. ಕಲಿತ ಕಡೆಯೇ ಅವನಿಗೆ ಒಬ್ಬ ಜೊತೆಗಾರ ಸಿಕ್ಕ. ಇಬ್ಬರೂ ಸೇರಿ ಸ್ವಂತ ಕುಶನ್ ಅಂಗಡಿ ಹಾಕಿದರು. ತಮ್ಮ ರೆಕ್ಸಿನ್ ಅಳೆದು ಕತ್ತರಿಸುವವನು, ಗಿರಾಕಿಗಳ ಹತ್ತಿರ ಬಾಯಿಬಿಟ್ಟು ಮಾತಾಡುವವನು. ಜೊತೆಗಾರ ಸ್ಪ್ರಿಂಗ್ ಕಟ್ಟಿ, ನಾರು ತುಂಬಿ, ಮೊಳೆ ಹೊಡೆಯುವವನು. ಮಾತು ಕಡಿಮೆ, ಕೈ ಗಟ್ಟಿ. ಅವನಿಗೆ ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು, ಅಕ್ಕನೂ ಹಾಗೇ ಕರೆದಳು.

ಮೇಸ್ತ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಇರುತ್ತಿದ್ದ. ಭಾನುವಾರ ಮಧ್ಯಾಹ್ನದ ಊಟಕ್ಕೆ ಅಕ್ಕನ ಮನೆಗೆ ಬರುತ್ತಿದ್ದ. ವಾರದಲ್ಲಿ ಎಷ್ಟೋ ದಿನ ತಮ್ಮ ಅಂಗಡಿಯಲ್ಲೇ ಮಲಗುತ್ತಿದ್ದ. ಕೆಲಸ ಜಾಸ್ತಿ ಎನ್ನುತ್ತಿದ್ದ. ಅಕ್ಕ ಹೆಣ್ಣು ಹುಡುಕಿದಾಗಲೆಲ್ಲ, “ಅಂಗಡಿ ಒಂದು ನೆಲೆಗೆ ಬರಲಿ ಅಕ್ಕ” ಎಂದು ಜಾರಿಕೊಂಡ. ಅಂಗಡಿ ನೆಲೆಗೆ ಬಂದು ಬೋರ್ಡು ಎರಡು ಸಲ ಬದಲಾಯಿತು. ಅವನು ಒಪ್ಪಲಿಲ್ಲ. ಕೊನೆಗೆ ಅಕ್ಕ ಕೇಳುವುದನ್ನೇ ಬಿಟ್ಟಳು. ಯಾಕೆ ಬಿಟ್ಟಳು ಎಂಬುದನ್ನು ಯಾರೂ ಅವಳನ್ನು ಕೇಳಲಿಲ್ಲ, ಅವಳೂ ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಐವತ್ತು ತುಂಬುವ ಮೊದಲೇ ತಮ್ಮ ತೀರಿಕೊಂಡ. ಕೆಮ್ಮು ಎಂದು ಶುರುವಾದದ್ದು ಶ್ವಾಸಕೋಶಕ್ಕೆ ಹೋಯಿತು. ಕೊನೆಯ ದಿನಗಳಲ್ಲಿ ಐಸಿಯುವಿನಲ್ಲಿದ್ದ. ಚಿಕ್ಕಪ್ಪ, ಚಿಕ್ಕಪ್ಪನ ಮಕ್ಕಳು ಎಲ್ಲ ಬಂದು ನಿಂತರು. ಹೊಣೆ, ಮಾತುಕತೆ, ಓಡಾಟ ಎಲ್ಲವೂ ಅವರದೇ ಆಯಿತು. ಅಂತ್ಯಕ್ರಿಯೆಯ ದಿನ ಮೇಸ್ತ್ರಿ ಜನರ ಹಿಂದೆ, ಗಿರಾಕಿಗಳ ನಡುವೆ ನಿಂತಿದ್ದ.

ಆಮೇಲೂ ಅವನು ಭಾನುವಾರ ಊಟಕ್ಕೆ ಬರುವುದನ್ನು ನಿಲ್ಲಿಸಲಿಲ್ಲ. ಬಾ ಎಂದು ಅಕ್ಕ ಹೇಳಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದರು. ಉಪ್ಪು ಕಡಿಮೆ, ಬಿಸಿಲು ಜಾಸ್ತಿ ಎಂಬಷ್ಟೇ ಮಾತು.

ಇಷ್ಟರಲ್ಲಿ ಅಕ್ಕನ ಕಣ್ಣು ಕೈಕೊಟ್ಟಿತು. ಒಂದು ಕಣ್ಣಿನ ಪೊರೆ ತೆಗೆದರೂ ಮಂಜು ಹೋಗಲಿಲ್ಲ, ಇನ್ನೊಂದರ ಹಿಂಬದಿಯೇ ಹಾಳಾಗಿದೆ ಎಂದರು. ಹತ್ತಿರ ಕೂತರೆ ಟಿವಿಯಲ್ಲಿ ಮುಖ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಮೇಲಿನ ಮನೆಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದ ಹೆಂಗಸು ಒಂದು ದಿನ ಬೇಸರ ಕಳೆಯಲೆಂದು ಬಂದು, “ಅಕ್ಕಾ, ಒಂದು ಹೊಸ ಥರದ ಸೀರಿಯಲ್ ಹಾಕ್ತೀನಿ, ನೋಡಿ. ಬೈಬೇಡಿ ಮತ್ತೆ” ಎಂದಳು. ಥಾಯ್ ಸೀರಿಯಲ್. ಇಬ್ಬರು ಕಾಲೇಜು ಹುಡುಗರು. ಮೊದಲು ಜಗಳ, ಆಮೇಲೆ ಕೊಡೆ ಹಂಚಿಕೊಳ್ಳುವುದು, ಆಮೇಲೆ ಪ್ರೀತಿ.

ಅಕ್ಕ ಬೈಯಲಿಲ್ಲ. ಮೊದಲ ಕಂತಿಗೇ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಪಾರ್ಲರಿನವಳು ಕೆಳಗಿನ ಇಂಗ್ಲಿಷ್ ಸಾಲುಗಳನ್ನು ಕನ್ನಡದಲ್ಲಿ ಹೇಳುತ್ತಾ ಹೋದಳು, ಗಿರಾಕಿ ಬಂದರೆ ಅರ್ಧಕ್ಕೇ ಎದ್ದು ಓಡುತ್ತಿದ್ದಳು. ಹೀಗೆ ಒಂದು ಭಾನುವಾರ, ಊಟ ಮುಗಿಸಿ ಕೈ ತೊಳೆದು ಬಂದ ಮೇಸ್ತ್ರಿಗೆ ಅಕ್ಕ ಹೇಳಿದಳು:

“ನಿನಗೆ ಇಂಗ್ಲಿಷ್ ಓದೋಕೆ ಬರುತ್ತಲ್ಲ. ಅದೇನು ಹೇಳ್ತಾನೆ ನೋಡು, ಆ ಎತ್ತರದ ಹುಡುಗ.”

ಮೇಸ್ತ್ರಿ ಪರದೆ ನೋಡಿದ. “ನೀನು ಬರ್ತೀಯ ಅಂತ ಕಾಯ್ತಿದ್ದೆ, ಅಂತಾನೆ” ಎಂದ.

“ಆಮೇಲೆ?”

“ಆಮೇಲೆ ಆ ಇನ್ನೊಬ್ಬ, ಹಸಿವಾಗಿದೆ ಅಂತಾನೆ.”

“ಪೆದ್ದ” ಎಂದಳು ಅಕ್ಕ. ಮೇಸ್ತ್ರಿಗೆ ನಗು ಬಂತು. ತಮ್ಮ ಹೋದ ಮೇಲೆ ಆ ಮನೆಯಲ್ಲಿ ಅವನು ನಕ್ಕದ್ದು ಅದೇ ಮೊದಲು.

ಅಲ್ಲಿಂದ ಭಾನುವಾರದ ಮಧ್ಯಾಹ್ನ ಸೀರಿಯಲ್ಲಿಗೆ ಮೀಸಲಾಯಿತು. ಮೇಸ್ತ್ರಿ ಸ್ಟೂಲಿನ ಮೇಲೆ ಕೂತು, ರಿಮೋಟ್ ಹಿಡಿದು, ನಿಲ್ಲಿಸಿ ನಿಲ್ಲಿಸಿ ಓದಿ ಹೇಳುವನು. ಅಕ್ಕ ಅಭಿಪ್ರಾಯ ಕೊಡುವಳು. ಅವಳ ಅಭಿಪ್ರಾಯಗಳಿಗೆ ಬರವಿರಲಿಲ್ಲ. ಥಾಯ್‌ನವರು ನೋಡಲು ಚೆಂದ, ಆದರೆ ಒಬ್ಬನಿಗೂ ಕೆಲಸವಿಲ್ಲ, ಇಬ್ಬರಲ್ಲಿ ಒಬ್ಬ ಖಂಡಿತ ಸಾಹುಕಾರನ ಮಗ. ಕೊರಿಯಾದವರು ಎಂಟು ಕಂತು ಬರೀ ನೋಡುತ್ತಾರೆ, ಕೊನೆಗೆ ಮುತ್ತಿಡುವಾಗ ಕಲ್ಲಿನ ಕಂಬಗಳು ಒಂದಕ್ಕೊಂದು ಒರಗಿದ ಹಾಗೆ. ಜಪಾನಿನವರು ಅಡುಗೆ ಮಾಡಿ, ಉಂಡು, ತಲೆ ಬಗ್ಗಿಸಿ ವಂದಿಸುವಷ್ಟರಲ್ಲಿ ಕಂತು ಮುಗಿದಿರುತ್ತದೆ, ಆದರೂ ಮನೆಯೆಂದರೆ ಅದೇ. ಮುಖ್ಯ ಜೋಡಿಗಿಂತ ಪಕ್ಕದ ಜೋಡಿಯೇ ಯಾವಾಗಲೂ ವಾಸಿ. ಕೇಳದೆ ಮುತ್ತಿಟ್ಟವನಿಗೆ ಕೆನ್ನೆಗೆ ಬಾರಿಸಬೇಕು, ಅದನ್ನು ಪ್ರೀತಿ ಎಂದು ತೋರಿಸುವವರಿಗೂ ಬಾರಿಸಬೇಕು. ಹುಡುಗಿಯರನ್ನು ಕಂಡರೆ ಅವಳಿಗೆ ಪಾಪ ಎನಿಸುತ್ತಿತ್ತು. “ಆ ಹೆಣ್ಣುಮಗಳಿಗೆ ಇನ್ನೇನೂ ಕೆಲಸ ಇಲ್ವಾ? ಬರೀ ಅಡ್ಡ ಬರೋಕೆ ಇಟ್ಕೊಂಡಿದ್ದಾರೆ.”

ಮೇಸ್ತ್ರಿ ಅಭಿಪ್ರಾಯ ಹೇಳುವವನಲ್ಲ. ಒಂದೇ ಸಲ ಹೇಳಿದ. “ಎಲ್ಲರಿಗೂ ಇಪ್ಪತ್ತು ವರ್ಷ ಅಕ್ಕ. ನಲವತ್ತೈದು ಆದವರು ಎಲ್ಲಿ ಹೋಗ್ತಾರೆ ಇವರಲ್ಲಿ?”

“ಹೌದಲ್ವಾ” ಎಂದಳು ಅಕ್ಕ. “ವಯಸ್ಸಾದವರದು ಯಾರು ನೋಡ್ತಾರೆ ಬಿಡು.”

ಚೀನಾದ್ದೊಂದು ಬಂತು. ಹಳೇ ಕಾಲದ ಕತೆ, ಉದ್ದ ಕೂದಲು, ಕತ್ತಿ. ಪಾರ್ಲರಿನವಳು ಮೊದಲೇ ಹೇಳಿಬಿಟ್ಟಿದ್ದಳು: ಅಲ್ಲಿ ಪ್ರೀತಿ ಎಂದು ಬಾಯಿಬಿಟ್ಟು ಹೇಳುವ ಹಾಗಿಲ್ಲವಂತೆ, ಗೆಳೆಯರು ಎಂದೇ ತೋರಿಸಬೇಕಂತೆ. ಅಕ್ಕನಿಗೆ ಅದು ಎಲ್ಲಕ್ಕಿಂತ ಹಿಡಿಸಿತು. ಕೊನೆಯ ಕಂತು ಮುಗಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: “ಹೇಳದಿದ್ರೆ ಏನಂತೆ. ನೋಡೋರಿಗೆ ತಿಳಿಯಲ್ವಾ? ಅವನು ಬಂದಾಗ ಇವನ ಮುಖ ಹೇಗಾಗುತ್ತೆ, ಅಷ್ಟು ಸಾಕು. ಕುರುಡಿಗೂ ಕಾಣುತ್ತೆ.”

ಮೇಸ್ತ್ರಿ ರಿಮೋಟಿನ ಹಿಂದಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದ.

ಅಕ್ಕನಿಗೆ ಪ್ರಾಣವೆಂದರೆ ಆಸ್ಪತ್ರೆಯ ದೃಶ್ಯ. ಒಬ್ಬನಿಗೆ ಅಪಘಾತ ಆಗಲೇಬೇಕು, ಇನ್ನೊಬ್ಬ ಅವನ ಕೈ ಹಿಡಿದು ಕೂರಲೇಬೇಕು. “ಅಲ್ಲೇ ಗೊತ್ತಾಗೋದು ಯಾರು ಯಾರಿಗೆ ಏನು ಅಂತ” ಎನ್ನುವಳು. ಅಂಥ ದೃಶ್ಯ ಬಂದಾಗ ಮೇಸ್ತ್ರಿಯ ಓದು ನಿಧಾನವಾಗುತ್ತಿತ್ತು. ಕೆಲವು ಸಲ ನೀರು ಕುಡಿಯಲು ಎದ್ದು ಹೋಗುತ್ತಿದ್ದ. ಓದಿ ಓದಿ ಗಂಟಲು ಒಣಗಿರಬೇಕು ಎಂದುಕೊಂಡಳು ಅಕ್ಕ.

ಬೇಸಿಗೆಯ ಒಂದು ಭಾನುವಾರ ಅಂಥದೇ ದೃಶ್ಯ ಬಂತು. ಬಿಳಿ ಹಾಸಿಗೆ, ಮೂಗಿಗೆ ಕೊಳವೆ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತ ಹುಡುಗ. ಮೇಸ್ತ್ರಿ ಓದಿದ:

“ಎದ್ದೇಳು. ಎಷ್ಟು ಹೊತ್ತು ಮಲಗ್ತೀಯ. ನೀನು ಎದ್ದರೆ ಇನ್ಮೇಲೆ ಯಾವತ್ತೂ ಬೈಯಲ್ಲ.”

ಅಕ್ಕ ಸೆರಗು ಕೈಗೆ ತೆಗೆದುಕೊಂಡಳು.

“ನಾನು ಎಲ್ಲಿಗೂ ಹೋಗಿರಲಿಲ್ಲ” ಎಂದು ಮೇಸ್ತ್ರಿ ಮುಂದುವರಿಸಿದ. “ಕೆಳಗೇ ಇದ್ದೆ. ಗಾಡಿ ನಿಲ್ಲಿಸೋ ಜಾಗದ ಪಕ್ಕದ ಬೆಂಚಿನ ಮೇಲೆ. ಮೇಲೆ ಬಿಡಲಿಲ್ಲ. ಮನೆಯವರು ಮಾತ್ರ ಅಂದರು. ನೀನು ಬಾಗಿಲ ಕಡೆ ನೋಡ್ತಿದ್ದೆಯೋ ಏನೋ. ಬರಲಿಲ್ಲ ಅಂದ್ಕೊಂಡೆಯಾ? ಬಂದಿದ್ದೆ ಕಣೋ. ದಿನಾ ಬಂದಿದ್ದೆ.”

ಅಕ್ಕ ಪರದೆಯ ಕಡೆ ಬಗ್ಗಿದಳು. ಅವಳ ಕಣ್ಣಿಗೆ ಅಕ್ಷರ ಕಾಣದಿದ್ದರೂ ಇಷ್ಟು ಕಾಣುತ್ತಿತ್ತು: ಆಸ್ಪತ್ರೆ ಯಾವಾಗಲೋ ಮುಗಿದುಹೋಗಿತ್ತು. ಈಗ ಒಂದು ರಸ್ತೆ, ರಸ್ತೆಯಲ್ಲಿ ಕೆಂಪು ಕಾರು. ಮಾತಾಡುವವರು ಯಾರೂ ಇರಲಿಲ್ಲ.

“ಮೇಸ್ತ್ರಿ,” ಎಂದಳು, “ಅಲ್ಲಿ ಕಾರು ಹೋಗ್ತಾ ಇದೆ.”

ಅವನು ಓದು ನಿಲ್ಲಿಸಿದ. ರಿಮೋಟನ್ನು ಟೀಪಾಯಿಯ ಮೇಲಿಟ್ಟ. “ಹೌದಲ್ವಾ” ಎಂದ. ಎದ್ದು ಹೋದ. ಹಿಂದೆ ಟಿವಿ ತನ್ನಷ್ಟಕ್ಕೆ ಯಾವುದೋ ಭಾಷೆಯಲ್ಲಿ ಮಾತಾಡಿಕೊಂಡಿತ್ತು.

ಐಸಿಯು ಬಾಗಿಲಲ್ಲಿ ನರ್ಸ್ ಕೇಳಿದ್ದು ಅಕ್ಕನಿಗೆ ನೆನಪಿರಲಿಲ್ಲವೆಂದಲ್ಲ. ಕೆಂಪು ಸ್ವೆಟರ್ ತೊಟ್ಟ ನರ್ಸ್, “ಅವರು ಯಾರು, ಬಾಗಿಲ ಹತ್ತಿರ ನಿಂತಿರೋರು? ಮನೆಯವರಾ?” ಎಂದು ಕೇಳಿದ್ದಳು. ಚಿಕ್ಕಪ್ಪ ಪಕ್ಕದಲ್ಲೇ ನಿಂತಿದ್ದರು. ಅಕ್ಕ, “ಅಲ್ಲ, ಅಂಗಡಿಯವರು” ಎಂದಿದ್ದಳು. ಅಷ್ಟೇ. ಸುಳ್ಳೂ ಅಲ್ಲ ಎಂದು ಆಗ ಅನಿಸಿತ್ತು.

ಮುಂದಿನ ಭಾನುವಾರ ಮೇಸ್ತ್ರಿ ಬರಲಿಲ್ಲ. ಅದರ ಮುಂದಿನದೂ ಇಲ್ಲ. ಎರಡು ತಟ್ಟೆ ಇಟ್ಟು, ಒಂದನ್ನು ಎತ್ತಿಟ್ಟು ಅಕ್ಕ ಒಬ್ಬಳೇ ಉಂಡಳು. ಪಾರ್ಲರಿನವಳು ಹೊಸದೊಂದು ಹಾಕಿಕೊಡಲು ಬಂದರೆ, “ಬೇಡ, ತಲೆ ನೋವು” ಎಂದಳು. ಆಮೇಲೆ ಒಂದು ಬೆಳಿಗ್ಗೆ ಕೋಲು ಹಿಡಿದು, ಗೋಡೆ ಸವರಿಕೊಂಡು ಅಂಗಡಿಗೆ ಹೋದಳು.

ಮೇಸ್ತ್ರಿ ಕುರ್ಚಿಯೊಂದನ್ನು ಮಗುಚಿ ಹಾಕಿಕೊಂಡು ಬಟ್ಟೆ ಬಿಗಿಯುತ್ತಿದ್ದ. ಬಾಯಿತುಂಬ ಸಣ್ಣ ಮೊಳೆಗಳು. ಒಂದೊಂದನ್ನೇ ನಾಲಿಗೆಯ ತುದಿಯಿಂದ ಹೊರತಂದು ಸುತ್ತಿಗೆಗೆ ಕೊಡುವುದು ಅವನ ರೂಢಿ. ಅಕ್ಕನನ್ನು ಕಂಡು ಕಣ್ಣಲ್ಲೇ ಸ್ಟೂಲು ತೋರಿಸಿದ. ಗೋಡೆಯ ಮೊಳೆಯಲ್ಲಿ ತಮ್ಮನ ಕತ್ತರಿ ಇನ್ನೂ ನೇತಾಡುತ್ತಿತ್ತು. ಹಿಂದಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಲ್ಲಿ ಅಗಲವಾದ ಒಂದೇ ಮಂಚ. ಇಷ್ಟು ವರ್ಷದಲ್ಲಿ ಅಕ್ಕ ಆ ಕೋಣೆಯ ಕಡೆ ತಲೆ ತಿರುಗಿಸಿದವಳಲ್ಲ.

“ನರ್ಸಿಗೆ ಹೇಳಿದ್ದು ನಾನೇ” ಎಂದಳು. “ಅಂಗಡಿಯವರು ಅಂತ. ಚಿಕ್ಕಪ್ಪ ಅಲ್ಲೇ ಇದ್ರು.”

ಮೇಸ್ತ್ರಿ ತಲೆಯಾಡಿಸಿದ. ಅವನಿಗೆ ಗೊತ್ತಿತ್ತು.

“ನನಗೆ ತಿಳೀಲಿಲ್ಲ ಅಂತ ಹೇಳೋಕೆ ಬಂದಿಲ್ಲ. ತಿಳಿದಿತ್ತು. ಮೊದಲಿಂದಲೂ ತಿಳಿದಿತ್ತು ಅಂತ ಕಾಣುತ್ತೆ. ತಿಳಿದಿದ್ದೂ ಬಾಯಿಗೆ ಬರಲಿಲ್ಲ. ಎಲ್ಲೋ ದೂರದ ಹುಡುಗರಿಗೋಸ್ಕರ ಕೂತು ಕೂತು ಕಣ್ಣೀರು ಹಾಕಿದೆ, ನಿನ್ನ ಎದುರಿಗೇ.”

ಮೇಸ್ತ್ರಿ ಮೊಳೆಗಳನ್ನು ಅಂಗೈಗೆ ಉಗಿದುಕೊಂಡ. ಅವು ಒದ್ದೆಯಾಗಿ ಮಿನುಗುತ್ತಿದ್ದವು.

“ಒಂದು ಕೇಳಲಾ ಅಕ್ಕ? ಸುಳ್ಳು ಹೇಳಬೇಡಿ.”

“ಕೇಳು.”

“ಕೊನೆಗೆ ನನ್ನ ಕೇಳಿದನಾ?”

ಇಲ್ಲ ಎಂದರೆ ಅವನಿಗೆ ನೋವು, ಹೌದು ಎಂದರೆ ಇನ್ನೂ ನೋವು. ಅಕ್ಕ ಕೋಲಿನ ಹಿಡಿಯನ್ನು ತಿರುವಿದಳು.

“ಕೇಳಿದ” ಎಂದಳು. “ಎರಡು ಸಲ. ಆ ಆಕ್ಸಿಜನ್ ಮಾಸ್ಕಿನೊಳಗಿಂದ ಮಾತು ಸರಿಯಾಗಿ ಬರ್ತಿರಲಿಲ್ಲ, ಆದ್ರೂ ತಿಳೀತು. ಬರ್ತಾನೆ, ನೀನು ಮಲಗು ಅಂದೆ. ಮಲಗಿದ.”

ಮೇಸ್ತ್ರಿ ಮೊಳೆಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡ. ಕುರ್ಚಿಯ ಕಡೆ ತಿರುಗಿ ಕೂತ. ಒಂದು ಮೊಳೆ ಹೊಡೆದ, ಅದು ಡೊಂಕಾಯಿತು. ಕಿತ್ತು ಇನ್ನೊಂದು ಹೊಡೆದ, ಅದೂ ಡೊಂಕಾಯಿತು. ಬೆನ್ನು ಮಾತ್ರ ಅಲುಗುತ್ತಿತ್ತು, ಬಾಯಿತುಂಬ ಮೊಳೆ ಇದ್ದುದರಿಂದ ಸದ್ದು ಬರಲಿಲ್ಲ. ಅಕ್ಕ ಎದ್ದು ಅವನ ತಲೆಯ ಮೇಲೆ ಕೈಯಿಡಲು ಹೋದಳು. ಅವನು ತಲೆ ಸರಿಸಿಕೊಂಡ. ಸಿಟ್ಟಿನಿಂದಲ್ಲ, ಬೇಡ ಎಂಬಂತೆ. ಅವಳು ಮತ್ತೆ ಗೋಡೆ ಸವರಿಕೊಂಡು ಮನೆಗೆ ಬಂದಳು.

ಮಳೆಗಾಲ ಹಿಡಿದ ಮೇಲೆ ಅವನು ಊಟಕ್ಕೆ ಬಂದ. ಏನೂ ಆಗಿಲ್ಲವೆಂಬಂತೆ ಸ್ಟೂಲು ಎಳೆದುಕೊಂಡು ಸೀರಿಯಲ್ ಹಾಕಿದ. ಓದಿದ. ಕೆಳಗೆ ಏನು ಬಂತೋ ಅಷ್ಟು ಮಾತ್ರ, ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಹುಡುಗರು ಮುನಿಸಿಕೊಂಡರೂ ಮುದ್ದು ಮಾಡಿದರೂ ಅವನ ದನಿ ಒಂದೇ ಸಮ, ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವವರ ಹಾಗೆ. ಅಕ್ಕನಿಗೂ ಅಭಿಪ್ರಾಯಗಳು ಬತ್ತಿಹೋಗಿದ್ದವು. ಅವಳು ಕಿವಿಗೊಟ್ಟು ಕಾಯುತ್ತಿದ್ದುದು ಬೇರೆಯದಕ್ಕೆ. ಅದು ಮತ್ತೆ ಬರಲಿಲ್ಲ.

ಕೊನೆಗೆ ಒಂದು ದಿನ ಅವಳೇ ಅವನ ಕೈಯಿಂದ ರಿಮೋಟ್ ತೆಗೆದುಕೊಂಡು ಟಿವಿ ಆರಿಸಿದಳು.

“ಇವರದು ಸಾಕು. ನಿಮ್ಮದು ಹೇಳು. ನನ್ನ ತಮ್ಮ ಅಂಗಡಿಯಲ್ಲಿ ಹೇಗಿರ್ತಿದ್ದ?”

ಮೇಸ್ತ್ರಿ ಕಿಟಕಿಯ ಕಡೆ ನೋಡುತ್ತಾ ಹೇಳಿದ. ತಮ್ಮ ಹಾಡುವುದು ಕತ್ತೆ ಕೂಗಿದ ಹಾಗೆ, ಆದರೂ ಕತ್ತರಿಸುವಾಗ ಹಾಡದೆ ಇರುತ್ತಿರಲಿಲ್ಲ. ದಬ್ಬಣ ಎಲ್ಲಿಟ್ಟೆ ಎಂದು ಊರೆಲ್ಲ ಹುಡುಕಿಸಿ, ಅದನ್ನು ತನ್ನ ಕಾಲರಿಗೇ ಚುಚ್ಚಿಕೊಂಡಿರುವನು. ಒಮ್ಮೆ ಯಾರದೋ ಹಳೇ ಸೋಫಾ ಬಿಚ್ಚಿದಾಗ ಒಳಗೆ ಒಂದು ಜೊತೆ ಹಲ್ಲಿನ ಸೆಟ್ಟು ಸಿಕ್ಕಿ, ಅದನ್ನು ಹಿಡಿದುಕೊಂಡು ಇಡೀ ಮಧ್ಯಾಹ್ನ ಗಿರಾಕಿಗಳ ಹಾಗೆ ಮಾತಾಡಿ ನಗಿಸಿದ್ದ. ಅಕ್ಕ ನಕ್ಕಳು. ಇಂಥ ತಮ್ಮನನ್ನು ಅವಳು ಕಂಡೇ ಇರಲಿಲ್ಲ. ಮನೆಯಲ್ಲಿ ಅವನು ಹಾಡಿದ್ದೇ ಇಲ್ಲ.

“ಆಮೇಲೆ?” ಎಂದಳು.

ಮೇಸ್ತ್ರಿ ಚಹಾದ ಲೋಟ ಕೆಳಗಿಟ್ಟ. “ಇಷ್ಟು ಸಾಕು ಅಕ್ಕ” ಎಂದ. “ಉಳಿದದ್ದು ನನಗಿರಲಿ.”

ಅಕ್ಕ ಮತ್ತೆ ಕೇಳಲಿಲ್ಲ. ಅವನು ಚಹಾ ಕುಡಿದ ಲೋಟ ತೊಳೆದು ಬೋರಲು ಹಾಕಿ, ಕೊಡೆ ಬಿಡಿಸಿಕೊಂಡು ಹೋದ. ಮುಂದಿನ ಭಾನುವಾರ ಬಂದ. ಅದರ ಮುಂದಿನದು ಬರಲಿಲ್ಲ. ಆಮೇಲೆ ಬಂದಾಗ ಬಂದ, ಬರದಾಗ ಇಲ್ಲ. ಅಕ್ಕ ಪ್ರತಿ ಭಾನುವಾರವೂ ಎರಡು ತಟ್ಟೆ ಇಡುತ್ತಿದ್ದಳು.